ಅದು ಗ್ಯಾಸ್ ಅಲ್ಲದಿದ್ದರೆ?

ಎದೆ ಬಿಗಿದರೆ ಸೋಡಾ. ಬೆವರಿದರೆ ಸೆಖೆ. ಸುಸ್ತಾದರೆ ವಯಸ್ಸು. ಹೃದಯ ಕೂಗಿ ಹೇಳಿದ್ದಕ್ಕೆ ನಮ್ಮ ಕರಾವಳಿಯ ಮನೆಗಳಲ್ಲಿ ಸಿಗುವ ಉತ್ತರಗಳಿವು. ಎರಡು ದಿಕ್ಕಿನಲ್ಲೂ ದೊಡ್ಡಾಸ್ಪತ್ರೆಗಳಿರುವ ಪಡುಬಿದ್ರಿಯಂಥ ಊರಲ್ಲೂ ಅಮೂಲ್ಯ ಹೊತ್ತು ಕಳೆದುಹೋಗುವುದು ಮನೆಯ ಚಾವಡಿಯಲ್ಲೇ!

2022ರ ಡಿಸೆಂಬರ್ 22, ಗುರುವಾರದ ರಾತ್ರಿ. ಕಟೀಲಿನ ಸರಸ್ವತೀ ಸದನದಲ್ಲಿ ‘ತ್ರಿಜನ್ಮ ಮೋಕ್ಷ’ ಯಕ್ಷಗಾನ ಬಯಲಾಟ. ನಡುರಾತ್ರಿ ದಾಟಿದೆ. ಕಟೀಲು ಮೇಳದ ಹಿರಿಯ ವೇಷಧಾರಿ ಗುರುವಪ್ಪ ಬಾಯಾರು ಶಿಶುಪಾಲನಾಗಿ ರಂಗದ ಮೇಲಿದ್ದಾರೆ. ಕೊನೆಗೆ ಶಿಶುಪಾಲ ಬೀಳಲೇಬೇಕಾದ ಪ್ರಸಂಗ ಅದು. ಆದರೆ ಆ ಹೊತ್ತಿಗೆ ಬಿದ್ದದ್ದು ಶಿಶುಪಾಲನಲ್ಲ, ಕಲಾವಿದ. ಆಸ್ಪತ್ರೆಗೆ ಒಯ್ದರೂ ಜೀವ ಉಳಿಯಲಿಲ್ಲ. ಹೃದಯಾಘಾತ ಎಂದು ಮರುದಿನದ ಪತ್ರಿಕೆಗಳು ಬರೆದವು.

ಅದಕ್ಕೂ ನಾಲ್ಕು ವರ್ಷ ಮೊದಲು, 2018ರ ಮಾರ್ಚ್‌ನಲ್ಲಿ, ಬೈಂದೂರು ಬಳಿ ‘ಭೀಷ್ಮ ವಿಜಯ’ದ ಸಾಲ್ವನಾಗಿ ಕುಣಿಯುತ್ತಿದ್ದ ಹುಡಗೋಡು ಚಂದ್ರಹಾಸ ರಂಗದಲ್ಲೇ ಕುಸಿದಿದ್ದರು. ಇನ್ನೂ ಹಿಂದೆ, 2009ರ ಫೆಬ್ರುವರಿಯಲ್ಲಿ, ಇಡಗುಂಜಿಯಲ್ಲಿ ರಾಮನ ಪಾತ್ರ ಮಾಡುತ್ತಿದ್ದ ಕೆರೆಮನೆ ಶಂಭು ಹೆಗಡೆಯವರನ್ನು ಬಡಗುತಿಟ್ಟು ಕಳೆದುಕೊಂಡಿತು. ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲ ಬಂದಾಗಲೆಲ್ಲ ಈ ಮೂರು ಹೆಸರು ನೆನಪಾಗುತ್ತವೆ. ನೂರಾರು ಜನ ಕಣ್ಣಾರೆ ಕಂಡ ಸಾವುಗಳಾದ್ದರಿಂದ ಊರು ಅವನ್ನು ಮರೆತಿಲ್ಲ. ಹೃದಯದ ಹೆಚ್ಚಿನ ಸಾವುಗಳಿಗೆ ಪ್ರೇಕ್ಷಕರಿಲ್ಲ. ಅವು ಬಚ್ಚಲಲ್ಲಿ, ಬೆಳಗಿನ ಜಾವದ ಹಾಸಿಗೆಯಲ್ಲಿ, ಅಂಗಡಿಯ ಕುರ್ಚಿಯಲ್ಲಿ ನಡೆದುಹೋಗುತ್ತವೆ. ಆಮೇಲೆ ಮನೆಯವರು ಒಂದು ಮಾತು ಹೇಳುತ್ತಾರೆ: ನಿನ್ನೆಯಿಂದಲೇ ಸ್ವಲ್ಪ ಗ್ಯಾಸ್ ಅಂತಿದ್ದರು.

ದಾರಿ ಹತ್ತಿರ, ನಿರ್ಧಾರ ದೂರ

ಪಡುಬಿದ್ರಿ ಪೇಟೆಯಲ್ಲಿ ನಿಂತು ನೋಡಿ. ರಾಷ್ಟ್ರೀಯ ಹೆದ್ದಾರಿ 66 ಉತ್ತರಕ್ಕೆ ಕಾಪು, ಉಡುಪಿ ಕಡೆ ಹೋಗುತ್ತದೆ; ಅಲ್ಲಿಂದ ಮಣಿಪಾಲ ಹತ್ತಿರ. ದಕ್ಷಿಣಕ್ಕೆ ಹೆಜಮಾಡಿ, ಮೂಲ್ಕಿ ದಾಟಿದರೆ ಮಂಗಳೂರು. ಪೂರ್ವಕ್ಕೆ ಬೆಳ್ಮಣ್ ಮೇಲಿಂದ ಕಾರ್ಕಳದ ರಸ್ತೆ. ಮಣಿಪಾಲವಾಗಲಿ ಮಂಗಳೂರಾಗಲಿ ಮೂವತ್ತು ಕಿಲೋಮೀಟರ್ ಆಸುಪಾಸು. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿದ ಮೇಲೆ ಈ ಪಟ್ಟಿಯಲ್ಲಿ ಬೆಳೆದ ಆಸ್ಪತ್ರೆಗಳ ಸಾಲು ಕರ್ನಾಟಕದ ಬಹಳ ಜಿಲ್ಲೆಗಳಿಗೆ ಇನ್ನೂ ಕನಸು.

ಆದರೂ ರೋಗಿ ತಡವಾಗಿಯೇ ಬರುತ್ತಾನೆ. ಜಗತ್ತಿನ ಎಲ್ಲೆಡೆ ಹೃದ್ರೋಗ ತಜ್ಞರು ಕಂಡುಕೊಂಡ ಸಂಗತಿಯೊಂದಿದೆ: ಹೃದಯಾಘಾತದಲ್ಲಿ ವ್ಯರ್ಥವಾಗುವ ಹೊತ್ತಿನಲ್ಲಿ ದೊಡ್ಡ ಪಾಲು ಆಂಬುಲೆನ್ಸಿನದ್ದಲ್ಲ. ನೋವು ಶುರುವಾದ ಕ್ಷಣಕ್ಕೂ ‘ಹೋಗೋಣ’ ಎಂದು ಎದ್ದ ಕ್ಷಣಕ್ಕೂ ನಡುವಿನ ಹೊತ್ತು ಅದು.

ಆ ಹೊತ್ತಿನಲ್ಲಿ ಮನೆಯೊಳಗೆ ಏನಾಗುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. “ಗ್ಯಾಸ್ ಆದುಪ್ಪು” ಎನ್ನುತ್ತಾರೆ ಅಮ್ಮ. ಜೀರಿಗೆ ಕಷಾಯ ಬರುತ್ತದೆ. ಲಿಂಬೆ ಸೋಡಾ ಬರುತ್ತದೆ. ಪುನರ್ಪುಳಿ ಶರಬತ್ತು ಬರುತ್ತದೆ. ಬೆನ್ನಿಗೆ ಬಾಮು ತಿಕ್ಕುತ್ತಾರೆ. ಒಂದು ತೇಗು ಬಂದರೆ ಎಲ್ಲರಿಗೂ ಸಮಾಧಾನ. ರಾತ್ರಿ ಹನ್ನೊಂದಕ್ಕೆ ಶುರುವಾದ ತಿಗಲೆ ಬೇನೆಗೆ, ಅಂದರೆ ಎದೆನೋವಿಗೆ, ಬೆಳಿಗ್ಗೆ ಡಾಕ್ಟರ್ ಬಾಗಿಲು ತೆರೆಯುವವರೆಗೆ ಕಾಯುವ ತೀರ್ಮಾನವಾಗುತ್ತದೆ. ಅಷ್ಟರೊಳಗೆ ಹತ್ತು ಗಂಟೆ ಸರಿದಿರುತ್ತದೆ.

ರಕ್ತ ನಿಂತ ಹೃದಯದ ಸ್ನಾಯು ಸುಮಾರು ಅರ್ಧ ಗಂಟೆಯಲ್ಲೇ ಸಾಯತೊಡಗುತ್ತದೆ. ಆರರಿಂದ ಹನ್ನೆರಡು ಗಂಟೆಯೊಳಗೆ ಆ ಭಾಗದ ಬಹುಪಾಲು ಹೋಗಿರುತ್ತದೆ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ. ಅಲ್ಲಿ ಉಳಿಯುವುದು ಬಡಿಯಲಾರದ ಕಲೆ ಮಾತ್ರ. ಬೆಳಿಗ್ಗೆ ಬಂದವನೂ ಬದುಕಬಹುದು. ಆದರೆ ಅರ್ಧ ಹೃದಯದಲ್ಲಿ.

ಹೊಟ್ಟೆಯ ಪಕ್ಕದ ಮನೆ

ಗ್ಯಾಸ್ ಎಂದು ಭಾವಿಸುವುದಕ್ಕೆ ಜನರ ಅಜ್ಞಾನವೇ ಕಾರಣ ಎಂದು ಬೈಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಈ ಗೊಂದಲ ನಮ್ಮ ಶರೀರದ ರಚನೆಯಲ್ಲೇ ಇದೆ.

ಹೃದಯದ ಕೆಳಗೋಡೆ ವಪೆಯ ಮೇಲೆ ಕೂತಿದೆ. ವಪೆಯ ಆಚೆ ಬದಿಗೆ ಜಠರ. ಎರಡರಿಂದಲೂ ಹೊರಡುವ ನೋವಿನ ನರಗಳು ಬೆನ್ನುಹುರಿಯನ್ನು ಸೇರುವ ಮಟ್ಟಗಳು ಅಕ್ಕಪಕ್ಕ. ಹಾಗಾಗಿ ಮಿದುಳಿಗೆ ಸುದ್ದಿ ಎಲ್ಲಿಂದ ಬಂತೆಂದು ಸರಿಯಾಗಿ ತಿಳಿಯುವುದಿಲ್ಲ. ಕೆಳಗೋಡೆಯ ಹೃದಯಾಘಾತದಲ್ಲಿ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ಎದೆಗುಂಡಿಗೆಯ ಕೆಳಗೆ ಉರಿಯುತ್ತದೆ, ಬಿಕ್ಕಳಿಕೆಯೂ ಬರಬಹುದು. ಹೃದಯಾಘಾತಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಈ ಕೆಳಗೋಡೆಯವು. ತೇಗು ಬಂದು ಹಗುರವಾಯಿತು ಎಂಬುದರಿಂದ ಹೃದಯ ಸರಿಯಿದೆ ಎಂದು ಹೇಳಲು ವೈದ್ಯರಿಗೂ ಆಗದು.

ನೋವು ಎಡಗಡೆಯೇ ಇರಬೇಕು, ಸೂಜಿಯಂತೆ ಚುಚ್ಚಬೇಕು ಎಂಬುದೂ ತಪ್ಪು ತಿಳಿವಳಿಕೆ. ರೋಗಿಗಳು ಸಾಮಾನ್ಯವಾಗಿ ಎದೆಯ ನಡುವೆ ಇಡೀ ಅಂಗೈಯನ್ನೋ ಮುಷ್ಟಿಯನ್ನೋ ಇಟ್ಟು ತೋರಿಸುತ್ತಾರೆ. ಭಾರ, ಬಿಗಿತ, ಹಿಂಡಿದ ಹಾಗೆ, ಉರಿ ಎನ್ನುತ್ತಾರೆ. ಅದು ಎಡಗೈಗೆ, ಕೆಲವೊಮ್ಮೆ ಎರಡೂ ಕೈಗೆ, ಕೆಳದವಡೆಗೆ, ಕುತ್ತಿಗೆಗೆ, ಭುಜಗಳ ನಡುವಿನ ಬೆನ್ನಿಗೆ ಹರಡುತ್ತದೆ. ಹಲ್ಲುನೋವೆಂದು ದಂತವೈದ್ಯರಲ್ಲಿಗೆ ಹೋದವರೂ ಇದ್ದಾರೆ.

ಇನ್ನು ಬೆವರು. ಕರಾವಳಿಯವರಾದ ನಾವು ತುಂಬಾ ಎಚ್ಚರ ವಹಿಸಬೇಕಾದ ಲಕ್ಷಣ ಇದು. ಹಾಸನದಲ್ಲೋ ಮೈಸೂರಿನಲ್ಲೋ ಮನುಷ್ಯ ಸುಮ್ಮನೆ ಕೂತಲ್ಲಿ ಬೆವರಿದರೆ ಮನೆಯವರು ಗಾಬರಿಯಾಗುತ್ತಾರೆ. ನಮ್ಮಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಬೆವರದವರು ಯಾರು? ‘ಎಂಥ ಸೆಖೆ ಮಾರಾಯ್ರೆ’ ಎಂದು ಫ್ಯಾನಿನ ವೇಗ ಹೆಚ್ಚಿಸುತ್ತೇವೆ. ವ್ಯತ್ಯಾಸ ತಿಳಿಯಲು ಕೈಯಿಟ್ಟು ನೋಡಬೇಕು. ಸೆಖೆಗೆ ಬೆವರಿದ ಮೈ ಬೆಚ್ಚಗಿರುತ್ತದೆ. ಹೃದಯಾಘಾತದ ಬೆವರು ತಣ್ಣಗೆ, ಅಂಟಂಟಾಗಿ, ಹಣೆಯಿಂದ ಹನಿದು ಬನಿಯನ್ ತೋಯಿಸುತ್ತದೆ, ಮುಖ ಬಿಳಿಚುತ್ತದೆ, ಫ್ಯಾನಿನ ಅಡಿಯಲ್ಲೂ ನಿಲ್ಲುವುದಿಲ್ಲ. ಎದೆಯ ತೊಂದರೆಯ ಜೊತೆ ಹೀಗೆ ತಣ್ಣನೆಯ ಬೆವರು ಕಂಡ ಮೇಲೆ ಕಷಾಯ ಕುದಿಸಲು ಒಲೆ ಹಚ್ಚಬೇಡಿ.

ನೋವೇ ಇಲ್ಲದ ಹೃದಯಾಘಾತವೂ ಉಂಟು. ಹಲವು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಹೊರುವ ನರಗಳೇ ಮಂಕಾಗಿರುತ್ತವೆ. ಅವರಿಗೆ ಇದ್ದಕ್ಕಿದ್ದಂತೆ ಉಸಿರು ಸಾಲದು, ವಿಪರೀತ ಸುಸ್ತು, ಕಣ್ಣು ಕತ್ತಲೆ, ಅಷ್ಟೆ. ವಯಸ್ಸಾದವರಲ್ಲೂ ಹಾಗೆಯೇ. ಹೆಂಗಸರಲ್ಲಿ ಎದೆನೋವು ಮುಖ್ಯ ಲಕ್ಷಣವೇ ಆದರೂ ವಾಂತಿ, ಬೆನ್ನುನೋವು, ಉಬ್ಬಸ, ನಿತ್ರಾಣ ಜೊತೆಗೂಡುವುದು ಗಂಡಸರಿಗಿಂತ ಹೆಚ್ಚು. ಹೆಂಗಸರ ವಿಷಯದಲ್ಲಿ ಇನ್ನೊಂದು ಅಡ್ಡಿ ಇದೆ, ಅದು ವೈದ್ಯಪುಸ್ತಕದಲ್ಲಿಲ್ಲ. ಮನೆಯ ಕೆಲಸ ಮುಗಿಯಲಿ, ಮಗ ಬರಲಿ, ಇವರ ಊಟವಾಗಲಿ ಎಂದು ಆಕೆಯೇ ತಡೆದುಕೊಳ್ಳುತ್ತಾಳೆ. ಮನೆಯವರೂ ತಡೆದುಕೊಳ್ಳಲು ಬಿಡುತ್ತಾರೆ. ಇದು ಬದಲಾಗಲೇಬೇಕು.

ಹಾಗಾದರೆ ಆಮ್ಲಪಿತ್ತವನ್ನು ಗುರುತಿಸುವುದು ಹೇಗೆ? ಉಂಡ ಮೇಲೆ ಹೆಚ್ಚು, ಮಲಗಿದರೆ ಹೆಚ್ಚು, ಗಂಟಲಿಗೆ ಹುಳಿನೀರು ಎಂಬ ಗುರುತುಗಳಿವೆ, ನಿಜ. ಆದರೆ ಮನೆಯಲ್ಲಿ ಕೂತು ಖಚಿತಪಡಿಸುವ ಉಪಾಯ ಇಲ್ಲ. ಇಸಿಜಿಯೇ ಮೊದಲ ದಾರಿ. ಗ್ಯಾಸ್ ಎಂದು ಇಸಿಜಿ ಮಾಡಿಸಿ ಅದು ಗ್ಯಾಸೇ ಆಗಿದ್ದರೆ ಹೋಗುವುದು ಕೆಲವು ನೂರು ರೂಪಾಯಿ.

> ಬಾಕ್ಸ್: ಇಷ್ಟಾದರೆ 108
>
> ಎದೆಯ ಭಾರ ಅಥವಾ ಬಿಗಿತ ವಿಶ್ರಾಂತಿಯಲ್ಲೂ ಹದಿನೈದು ನಿಮಿಷ ಮೀರಿ ಉಳಿದರೆ ಆಂಬುಲೆನ್ಸಿಗೆ ಕರೆ ಮಾಡಿ. ಜೊತೆಗೆ ತಣ್ಣನೆ ಬೆವರು, ವಾಂತಿ, ಉಬ್ಬಸ, ತಲೆತಿರುಗು ಇದ್ದರೆ ಅಷ್ಟೂ ಕಾಯದೆ 108ಕ್ಕೆ ಕರೆ ಮಾಡಿ.
>
> ರೋಗಿ ನಡೆಯಬಾರದು, ಮೆಟ್ಟಿಲು ಇಳಿಯಬಾರದು, ತಾನೇ ಬೈಕ್ ಅಥವಾ ಕಾರು ಓಡಿಸಬಾರದು. ಬೆನ್ನಿಗೆ ಆಸರೆ ಕೊಟ್ಟು ಅರೆ ಕೂತ ಭಂಗಿಯಲ್ಲಿ ಇರಿಸಿ.
>
> ಅಲರ್ಜಿ, ರಕ್ತಸ್ರಾವ, ಹೊಟ್ಟೆಯ ಹುಣ್ಣು ಇಲ್ಲದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿಸಬಹುದು. ಫೋನಿನಲ್ಲಿ ವೈದ್ಯರನ್ನು ಕೇಳಿಕೊಳ್ಳಿ. ನಾಲಿಗೆಯಡಿ ಇಡುವ ಮಾತ್ರೆಯನ್ನು ಪಕ್ಕದ ಮನೆಯವರಿಂದ ತಂದು ಕೊಡಬೇಡಿ. ರಕ್ತದೊತ್ತಡ ಇಳಿದಿದ್ದರೆ ಅದೇ ಅಪಾಯ.
>
> ಮೊದಲ ಇಸಿಜಿ ಸರಿಯಿದ್ದರೂ ಮನೆಗೆ ಮರಳಲು ಆತುರ ಬೇಡ. ನೋವು ಇದ್ದರೆ ಇಸಿಜಿ ಮತ್ತೆ ತೆಗೆಯಬೇಕು. ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯಲ್ಲಿ ಏರಿಕೆ ಕಾಣಲು ಕೆಲವು ಗಂಟೆ ಬೇಕಾಗಬಹುದು.

‘ಮೊನ್ನೆ ಎಲ್ಲ ನಾರ್ಮಲ್ ಇತ್ತು’

ಸಾವಿನ ಮನೆಯಲ್ಲಿ ಕೇಳುವ ಇನ್ನೊಂದು ಮಾತಿದು. ಚೆಕಪ್ ಮಾಡಿಸಿ ತಿಂಗಳಾಗಿರಲಿಲ್ಲ, ಟ್ರೆಡ್‌ಮಿಲ್‌ನಲ್ಲೂ ಪಾಸು. ಹಾಗಿದ್ದರೆ ಡಾಕ್ಟರು ತಪ್ಪು ಹೇಳಿದರೇ? ಇಲ್ಲ. ಹೃದಯಾಘಾತ ಆಗುವ ಬಗೆಯನ್ನು ನಾವು ತಪ್ಪಾಗಿ ಊಹಿಸಿಕೊಂಡಿದ್ದೇವೆ.

ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಹೃದಯಕ್ಕೆ ರಕ್ತ ಒದಗಿಸುವುದು ಅದರ ಮೈಮೇಲೆ ಹಬ್ಬಿದ ಕರೊನರಿ ನಾಳಗಳು. ಅವುಗಳ ಗೋಡೆಯೊಳಗೆ ಹರೆಯದಿಂದಲೇ ಕೊಬ್ಬು ಸೇರುತ್ತಾ ಹೋಗುತ್ತದೆ. ನಾಳ ನೂರಕ್ಕೆ ಎಪ್ಪತ್ತರಷ್ಟು ಕಿರಿದಾದಾಗ ನಡೆದರೆ ಎದೆ ಬಿಗಿಯುತ್ತದೆ, ಟ್ರೆಡ್‌ಮಿಲ್ ಅದನ್ನು ಹಿಡಿಯುತ್ತದೆ. ಆದರೆ ಬಹಳಷ್ಟು ಹೃದಯಾಘಾತಗಳಿಗೆ ಮೂಲ ಅರ್ಧ ನಾಳವನ್ನೂ ಮುಚ್ಚದ, ತೆಳ್ಳನೆ ಸಿಪ್ಪೆಯ, ಮೆತ್ತನೆಯ ಕೊಬ್ಬಿನ ಗುಳ್ಳೆ. ಒಳಗೆ ಉರಿಯೂತ ಹೆಚ್ಚಿ ಹಣ್ಣಾದ ಕುರುವಿನಂತೆ ಅದು ಒಡೆಯುತ್ತದೆ. ಗಾಯವೆಂದು ತಿಳಿದ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷದಲ್ಲಿ ನಾಳ ಪೂರ್ತಿ ಬಂದ್.

ಬೆಳಿಗ್ಗೆ ಸರಿಯಿದ್ದವರಿಗೆ ಮಧ್ಯಾಹ್ನ ಅಟ್ಯಾಕ್ ಆಗುವ ಗುಟ್ಟು ಇಷ್ಟೆ. ಗುಳ್ಳೆ ಒಡೆಯಲು ಸಿಗರೇಟು, ವಿಪರೀತ ಕೋಪ, ಅಭ್ಯಾಸವಿಲ್ಲದ ಭಾರಿ ಶ್ರಮ, ತೀವ್ರ ಸೋಂಕು ನೆಪವಾಗಬಹುದು. ಸ್ಟ್ಯಾಟಿನ್ ಮಾತ್ರೆಗಳು ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ಆ ಸಿಪ್ಪೆಯನ್ನು ಗಟ್ಟಿ ಮಾಡುತ್ತವೆ. ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಇಳಿದಿದೆಯೆಂದು ಮಾತ್ರೆ ಬಿಡುವವರು ಇದನ್ನು ಗಮನಿಸಬೇಕು.

ಕಾರ್ಕಳದ ಬೆಟ್ಟ ಹೇಳುವ ಭವಿಷ್ಯ

ಎಲ್ಲ ಹೃದಯಾಘಾತಗಳೂ ಮುನ್ಸೂಚನೆ ಇಲ್ಲದೆ ಬರುವುದಿಲ್ಲ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ತನ್ನ ಸಹವೈದ್ಯರ ಮುಂದೆ ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದ. ನಡೆಯುವಾಗ, ಅದರಲ್ಲೂ ಉಂಡ ಮೇಲೆ ಏರು ಹತ್ತುವಾಗ, ಎದೆಯೊಳಗೆ ಉಸಿರುಗಟ್ಟಿಸುವ ನೋವು. ನಿಂತ ಕೂಡಲೇ ಮಾಯ. ಇಸಿಜಿ ಇಲ್ಲದ ಕಾಲದಲ್ಲಿ, ಸ್ಟೆತಸ್ಕೋಪು ಕೂಡ ಹುಟ್ಟದ ಕಾಲದಲ್ಲಿ, ಬರೀ ರೋಗಿಗಳ ಮಾತು ಕೇಳಿ ಆತ ಹೇಳಿದ ಆಂಜೈನಾದ ಲಕ್ಷಣವನ್ನು ಇವತ್ತಿನ ಪಠ್ಯಪುಸ್ತಕವೂ ಹಾಗೆಯೇ ಹೇಳುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಬೆಟ್ಟವೇ ಇದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡಲು ಕಾರ್ಕಳದ ಬಂಡೆಯ ಮೆಟ್ಟಿಲು ಹತ್ತಬೇಕು. ಹೋದ ಸಲ ಒಂದೇ ಉಸಿರಿಗೆ ಹತ್ತಿದವರು ಈ ಸಲ ನಡುನಡುವೆ ನಿಲ್ಲಬೇಕಾಯಿತೇ? ನಿಂತಾಗ ಎದೆಯ ಬಿಗಿತ ಇಳಿಯಿತೇ? ಕಾಪುವಿನ ದೀಪಸ್ತಂಭ ಹತ್ತುವಾಗಲೂ, ಪಡುಬಿದ್ರಿ ಕಡಲತಡಿಯ ಹೊಯ್ಗೆಯಲ್ಲಿ ನಡೆಯುವಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಬಹುದು. ‘ವಯಸ್ಸಾಯಿತಲ್ಲ’ ಎಂದು ಜೊತೆಯವರು ಸಮಾಧಾನ ಹೇಳುತ್ತಾರೆ. ಆರು ತಿಂಗಳಲ್ಲಿ ಯಾರಿಗೂ ಅಷ್ಟು ವಯಸ್ಸಾಗುವುದಿಲ್ಲ. ಮೊದಲು ಏರಿನಲ್ಲಿ ಮಾತ್ರ ಬರುತ್ತಿದ್ದ ನೋವು ಸಮತಟ್ಟಿನಲ್ಲೂ, ಆಮೇಲೆ ಕೂತಲ್ಲೂ ಬಂದರೆ ದಿನಗಳನ್ನು ಎಣಿಸದೆ ಅಂದೇ ಆಸ್ಪತ್ರೆ ಸೇರಬೇಕು.

ಅಟ್ಯಾಕ್ ಒಂದೇ ಕಾಯಿಲೆಯಲ್ಲ

ಹೃದಯದ ತೊಂದರೆ ಎಂದರೆ ಅಟ್ಯಾಕ್ ಎಂದಷ್ಟೇ ತಿಳಿದಿರುವುದರಿಂದ ಉಳಿದವು ಕಣ್ಣಿಗೆ ಬೀಳದೆ ಬೆಳೆಯುತ್ತವೆ.

ಹೃದಯ ವೈಫಲ್ಯ ಎಂದಾಗ ಹೃದಯ ನಿಂತೇ ಹೋಯಿತು ಎಂದು ಜನ ಹೆದರುತ್ತಾರೆ. ನಿಂತಿರುವುದಿಲ್ಲ, ಪಂಪು ಮಾಡುವ ಬಲ ಕುಂದಿರುತ್ತದೆ. ಸಂಜೆಗೆ ಕಾಲಿನ ಗಂಟು ಊದುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರಿಗೆ ಎರಡು, ಮೂರು ದಿಂಬು ಬೇಕಾಗುತ್ತದೆ. ನಡುರಾತ್ರಿ ಉಸಿರು ಕಟ್ಟಿ ಎದ್ದು ಕಿಟಕಿ ತೆರೆಯುತ್ತಾರೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಹಳೆಯ ಹೃದಯಾಘಾತ, ಲಕ್ಷ್ಯವಿಲ್ಲದೆ ಬಿಟ್ಟ ಬಿಪಿ, ಕವಾಟದ ದೋಷ, ಅತಿಯಾದ ಮದ್ಯ ಇದರ ಸಾಮಾನ್ಯ ಕಾರಣಗಳು. ಅಸ್ತಮಾ ಎಂದು ವರ್ಷಗಟ್ಟಲೆ ಇನ್‌ಹೇಲರ್ ಎಳೆದವರಲ್ಲಿ ಕೆಲವರ ನಿಜವಾದ ಕಾಯಿಲೆ ಇದು.

ಬಡಿತದ ತಾಳ ತಪ್ಪುವುದು ಇನ್ನೊಂದು. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಹೃದಯದ ಮೇಲಿನ ಕೋಣೆಗಳು ಕೂಡಿ ಬಡಿಯುವ ಬದಲು ಅದುರುತ್ತವೆ. ನಾಡಿ ಹಿಡಿದರೆ ಲೆಕ್ಕಕ್ಕೇ ಸಿಗದು. ಎದೆಯಲ್ಲಿ ಹಕ್ಕಿ ಪಟಪಟಿಸಿದ ಹಾಗೆ ಎನ್ನುತ್ತಾರೆ ಕೆಲವರು. ಕೆಲವರಿಗೆ ಗೊತ್ತೇ ಆಗುವುದಿಲ್ಲ. ಅಪಾಯ ಹೃದಯಕ್ಕಿಂತ ಮಿದುಳಿಗೆ: ಅದುರುವ ಕೋಣೆಯಲ್ಲಿ ಕಟ್ಟಿದ ಹೆಪ್ಪು ಮೇಲೇರಿ ಪಾರ್ಶ್ವವಾಯು ತರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಇನ್ನು ಶ್ರಮ ಪಡುವಾಗ ತಲೆಸುತ್ತಿ ಬಿದ್ದ ಯುವಕನನ್ನು ‘ಊಟ ಮಾಡಿರಲಿಲ್ಲ’ ಎಂದು ಬಿಟ್ಟುಬಿಡಬಾರದು. ಹೃದಯದ ಸ್ನಾಯು ವಂಶದ ಕಾರಣದಿಂದ ದಪ್ಪವಾಗುವ ಕಾಯಿಲೆ, ವಿದ್ಯುತ್ ಸಂಚಾರದ ವಂಶಪಾರಂಪರ್ಯ ದೋಷ ಮೊದಲು ಕಾಣಿಸಿಕೊಳ್ಳುವುದು ಹೀಗೆ.

ಬಡತನದ ಜೊತೆ ಬಂದ ಹೃದ್ರೋಗವನ್ನು ನಾವು ಮರೆಯುತ್ತಿದ್ದೇವೆ. ಐದರಿಂದ ಹದಿನೈದು ವಯಸ್ಸಿನ ಮಗುವಿಗೆ ಗಂಟಲು ನೋವು ಬರುತ್ತದೆ, ಹೋಗುತ್ತದೆ. ಎರಡು ಮೂರು ವಾರದ ನಂತರ ಮಂಡಿ ಊದುತ್ತದೆ, ಅದು ಇಳಿದು ಹಿಮ್ಮಡಿಯ ಗಂಟು ಊದುತ್ತದೆ, ಜೊತೆಗೆ ಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ವಿರುದ್ಧ ಎದ್ದ ಶರೀರದ ಸೈನ್ಯ ತನ್ನದೇ ಹೃದಯದ ಕವಾಟಗಳನ್ನು ಕಡಿಯುವ ಈ ರುಮ್ಯಾಟಿಕ್ ಜ್ವರದ ಫಲ ಹತ್ತಿಪ್ಪತ್ತು ವರ್ಷದ ಮೇಲೆ ಕಾಣುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಅದು ಪತ್ತೆಯಾಗುವುದು ಮೊದಲ ಬಸಿರಿನಲ್ಲಿ ಉಬ್ಬಸ ಬಂದಾಗ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತಪ್ಪದೆ ಕೊಟ್ಟರೆ ಕವಾಟ ಮತ್ತೆ ಮತ್ತೆ ಪೆಟ್ಟು ತಿನ್ನುವುದು ತಪ್ಪುತ್ತದೆ. ಎಷ್ಟು ಅಗ್ಗದ ಮದ್ದು!

ಉಪ್ಪಡ್, ಒಣಮೀನು, ಬೀಡಿ

ಕಾರಣಗಳ ವಿಷಯದಲ್ಲಿ ದೊಡ್ಡ ಬೆಳಕು ಚೆಲ್ಲಿದ್ದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ. 52 ದೇಶಗಳ ಸುಮಾರು ಮೂವತ್ತು ಸಾವಿರ ಜನರನ್ನು ನೋಡಿದ ಆ ಕೆಲಸದ ನಾಯಕ ಸಲೀಂ ಯೂಸುಫ್ ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಮೊದಲ ಹೃದಯಾಘಾತದ ಹೊಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಒಂಬತ್ತೇ ಸಂಗತಿಗಳದ್ದೆಂದು ಅದು ತೋರಿಸಿತು. ತಂಬಾಕು, ಕೆಟ್ಟ ಕೊಬ್ಬು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಅಪಾಯ ಹೆಚ್ಚಿಸುವವು. ಹಣ್ಣು ತರಕಾರಿ ಕಡಿಮೆ ತಿನ್ನುವುದು, ಮೈ ದಂಡಿಸದಿರುವುದು, ಮದ್ಯದ ಬಳಕೆ ಪಟ್ಟಿಯ ಉಳಿದವು. ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬರುವ ನಡುವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಆರು ವರ್ಷ ಮೊದಲು ನಮ್ಮ ಸರದಿ.

ಆ ಒಂಬತ್ತನ್ನು ನಮ್ಮ ಅಡುಗೆಮನೆ ಅಂಗಳಕ್ಕೆ ತಂದು ನೋಡಬೇಕು. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳು. ಆಟಿಯ ಮಳೆಯಲ್ಲಿ ತಟ್ಟೆಗೆ ಬರುವುದು ಕುಚ್ಚಲಕ್ಕಿ ಗಂಜಿ, ಅದಕ್ಕೆ ಮೇಲುಪ್ಪು, ಜೊತೆಗೆ ಒಣಮೀನು ಚಟ್ನಿ, ಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಹಲಸಿನ ಉಪ್ಪಡ್ ಪಚ್ಚಿಲ್. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ; ಅದು ಒಂದು ಚಹಾ ಚಮಚದಷ್ಟು. ಇಂಥ ಒಂದು ಊಟದಲ್ಲೇ ಆ ಲೆಕ್ಕ ಮುಗಿಯಬಹುದು. ಈ ಊಟ ನಮ್ಮ ಬಾಲ್ಯ, ನಮ್ಮ ರುಚಿ, ಅದನ್ನು ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ಬಿಪಿ ಇರುವ ಅಜ್ಜನಿಗೆ, ಕಾಲು ಊದಿದ ಅಜ್ಜಿಗೆ ಅದನ್ನು ಬಡಿಸುವಾಗ ಕೈ ಹಿಡಿಯಲೇಬೇಕು. ತಾಜಾ ಬೂತಾಯಿ, ಬಂಗುಡೆ ಸಿಗುವ ತಿಂಗಳುಗಳಲ್ಲಿ ಅವನ್ನು ಗಸಿ ಮಾಡಿ ತಿನ್ನಿ. ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬು ಈ ಅಗ್ಗದ ಮೀನುಗಳಲ್ಲೇ ಧಾರಾಳವಾಗಿದೆ.

ಬೀಡಿ ಸಿಗರೇಟಿಗಿಂತ ಹಗುರ ಎಂಬ ಮಾತು ಇನ್ನೂ ಓಡಾಡುತ್ತಿದೆ. ಹಾಗೇನೂ ಇಲ್ಲ. ದಿನಕ್ಕೆ ಒಂದೆರಡೇ ಎನ್ನುವವರಿಗೂ ಅಪಾಯ ಉಂಟು. ಬಿಟ್ಟ ಒಂದು ವರ್ಷದಲ್ಲಿ ಅಪಾಯ ಅರ್ಧದಷ್ಟು ಇಳಿಯುತ್ತದೆ ಎಂಬುದು ಒಳ್ಳೆಯ ಸುದ್ದಿ. ರಾತ್ರಿ ಕೆಲಸವೂ ಹೃದಯಕ್ಕೆ ಭಾರ. ವರ್ಷಗಟ್ಟಲೆ ರಾತ್ರಿಪಾಳಿ ಮಾಡುವವರಲ್ಲಿ ಹೃದ್ರೋಗ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಮೇಳದ ಕಲಾವಿದರು, ಮುಂಬೈ ಹೋಟೆಲುಗಳಲ್ಲಿ ದುಡಿಯುವ ನಮ್ಮೂರ ಹುಡುಗರು, ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನವರು ಎಲ್ಲರೂ ಆ ಸಾಲಿನವರು. ಬೋಟು ದಡದಿಂದ ದೂರವಿದ್ದಾಗ ಎದೆನೋವು ಬಂದರೆ ಇಸಿಜಿ ಎಲ್ಲಿಂದ ಬರಬೇಕು? ಕಡಲಿಗಿಳಿಯುವ ಮೊದಲು, ಮೇಳ ಹೊರಡುವ ಮೊದಲು, ನಲವತ್ತು ದಾಟಿದವರ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡುವ ಏರ್ಪಾಡು ಯಜಮಾನರ ಹೊಣೆಯಾಗಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಅದೂ ಎಚ್ಚರಿಕೆಯೇ. ಅದನ್ನು ಅಳೆಯಲು ದರ್ಜಿಯ ಟೇಪು ಸಾಕು.

> ಬಾಕ್ಸ್: ಕುಸಿದು ಬಿದ್ದಾಗ
>
> ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಆಘಾತದಲ್ಲಿ ನಾಳ ಮುಚ್ಚುತ್ತದೆ, ಮನುಷ್ಯ ಮಾತಾಡುತ್ತಿರಬಹುದು. ಸ್ತಂಭನದಲ್ಲಿ ಬಡಿತವೇ ನಿಂತು ಪ್ರಜ್ಞೆ ಹೋಗುತ್ತದೆ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು.
>
> ಕರೆದರೆ ಓಗೊಡುವುದಿಲ್ಲ, ಉಸಿರಿಲ್ಲ ಅಥವಾ ಬಿಕ್ಕಿದಂತೆ ಅಪರೂಪಕ್ಕೊಂದು ಉಸಿರು: ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಸಿಪಿಆರ್ ಶುರು ಮಾಡಲಿ.
>
> ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವಿಟ್ಟು, ಇನ್ನೊಂದು ಕೈ ಅದರ ಮೇಲಿಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಒತ್ತು. ದಣಿದರೆ ಇನ್ನೊಬ್ಬರು ಮುಂದುವರಿಸಲಿ.
>
> ಸಿಪಿಆರ್ ಇಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಬಾಯಿಗೆ ನೀರು ಹಾಕುವುದು, ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ.

ಹಾಸನದ ಭಯ

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂತು. ಜುಲೈ ಹೊತ್ತಿಗೆ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸರದಿ ಸಾಲು. ಕೋವಿಡ್ ಲಸಿಕೆಯೇ ಕಾರಣವೆಂಬ ಗುಮಾನಿ ನಮ್ಮ ಕರಾವಳಿಯ ಮೊಬೈಲುಗಳಲ್ಲೂ ಹರಿದಾಡಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಲಸಿಕೆಗೂ ಈ ಸಾವುಗಳಿಗೂ ನಂಟಿಲ್ಲ ಎಂದು ಹೇಳಿತು. ಹಾಸನದ 24 ಸಾವುಗಳ ಪರಿಶೀಲನೆಯಲ್ಲಿ ಎಲ್ಲವೂ ಹೃದಯದವಲ್ಲ ಎಂದು ತಿಳಿಯಿತು. ಹೃದಯದ ಕಾರಣದಿಂದ ಸತ್ತವರಲ್ಲಿ ಹೆಚ್ಚಿನವರಿಗೆ ತಂಬಾಕು, ಮದ್ಯ, ಸಕ್ಕರೆ, ಬಿಪಿ ಮುಂತಾದ ಹಳೆಯ ಕಾರಣಗಳೇ ಇದ್ದವು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡುವುದನ್ನು ಸರ್ಕಾರ ಕಡ್ಡಾಯಗೊಳಿಸಿತು.

ಭಯದಿಂದ ಸಾಲು ನಿಂತವರನ್ನು ಹಗುರವಾಗಿ ಕಾಣುವಂತಿಲ್ಲ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ಪುನೀತ್ ರಾಜ್‌ಕುಮಾರ್ ಹೋದ ದಿನ ಈ ನಾಡಿನ ಮನೆಮನೆಗೂ ಆ ಭಯ ಹೊಕ್ಕಿತು. ಅವರ ಹೆಸರಿನಲ್ಲೇ ಬಂದ ಹೃದಯ ಜ್ಯೋತಿ ಯೋಜನೆ ಆ ಭಯಕ್ಕೆ ತಕ್ಕ ಉತ್ತರ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು.

ಕರಾವಳಿಯಲ್ಲಿ ಈ ದಾರಿಯನ್ನು ಬೇರೆ ರೀತಿಯಲ್ಲಿ ತೆರೆದವರು ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್. ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹೆಸರಿನಲ್ಲಿ ಹಳ್ಳಿಯ ವೈದ್ಯರ ವಾಟ್ಸ್ಯಾಪ್ ಗುಂಪು ಕಟ್ಟಿ, ದಾನಿಗಳಿಂದ ಇಸಿಜಿ ಯಂತ್ರಗಳನ್ನು ಪಡೆದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಸಣ್ಣ ಕ್ಲಿನಿಕ್ಕುಗಳಿಗೂ ಹಂಚಿದರು. ಹಳ್ಳಿಯ ಡಾಕ್ಟರು ಇಸಿಜಿಯ ಫೋಟೊ ಕಳಿಸಿದರೆ ಗುಂಪಿನ ತಜ್ಞರು ಹಗಲಿರುಳೆನ್ನದೆ ಉತ್ತರಿಸುತ್ತಾರೆ. ಗುಂಪುಗಳು ಕರಾವಳಿ ದಾಟಿ ಮಲೆನಾಡಿಗೂ ಹಬ್ಬಿದವು. ರೋಗಿ ಹೊರಡುವ ಮೊದಲೇ ಆಸ್ಪತ್ರೆಗೆ ಸುದ್ದಿ ಮುಟ್ಟಿರುವುದರಿಂದ ಅಲ್ಲಿ ಉಳಿಯುವ ನಿಮಿಷಗಳು ಸಣ್ಣವಲ್ಲ. ಫೋನಿನಲ್ಲೇ ಇಷ್ಟು ಆಗಬಹುದೆಂದು ತೋರಿಸಿದ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ದುಡ್ಡಿನ ಹೆದರಿಕೆಯೂ ತಡಕ್ಕೆ ಕಾರಣ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಹಳೆಯ ಇಸಿಜಿ ಮತ್ತು ಮಾತ್ರೆಗಳ ಚೀಟಿಯ ಜೊತೆ ಒಂದೇ ಚೀಲದಲ್ಲಿಟ್ಟುಕೊಂಡರೆ ನಡುರಾತ್ರಿ ಹುಡುಕುವ ಗೋಳಿಲ್ಲ.

ಸ್ಟೆಂಟ್ ಹಾಕಿಸಿದ ಮನೆಯವರಿಗೆ

ಆಂಜಿಯೋಪ್ಲಾಸ್ಟಿ ಮುಗಿಸಿ ಮನೆಗೆ ಬಂದ ಮೂರನೆಯ ತಿಂಗಳಿಗೆ ಮನುಷ್ಯ ಹುರುಪಾಗುತ್ತಾನೆ. ‘ಈಗ ಎಂಥದೂ ಇಲ್ಲ’ ಎಂದು ಮಾತ್ರೆ ಬಿಡುವುದು ಆಗಲೇ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಎರಡು ಮಾತ್ರೆಗಳನ್ನು ವೈದ್ಯರು ಹೇಳುವ ಮೊದಲೇ ನಿಲ್ಲಿಸಿದರೆ ಸ್ಟೆಂಟಿನ ಒಳಗೇ ಹೆಪ್ಪು ಕೂರಬಹುದು. ಹಲ್ಲು ಕೀಳಿಸುವುದಿದ್ದರೂ ಹೃದ್ರೋಗ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ಆ ಮನೆಯ ಉಳಿದವರ ಕಡೆಗೂ ಗಮನ ಬೇಕು. ಗಂಡಸಿಗೆ 55ರ ಮೊದಲು, ಹೆಂಗಸಿಗೆ 65ರ ಮೊದಲು ಹೃದಯಾಘಾತವಾಗಿದ್ದರೆ ಅವರ ಮಕ್ಕಳು, ಒಡಹುಟ್ಟಿದವರು ಹೆಚ್ಚು ಅಪಾಯದಲ್ಲಿದ್ದಾರೆ. ಮಕ್ಕಳು ಇಪ್ಪತ್ತು ದಾಟಿದ್ದರೆ ಕೊಲೆಸ್ಟ್ರಾಲ್, ಸಕ್ಕರೆ, ಬಿಪಿ ನೋಡಿಸಲಿ. ಲೈಪೊಪ್ರೊಟೀನ್-ಎ ಎಂಬ ಇನ್ನೊಂದು ಪರೀಕ್ಷೆ ಉಂಟು. ರಕ್ತದಲ್ಲಿ ಅದರ ಮಟ್ಟವನ್ನು ಬಹುಪಾಲು ವಂಶವೇ ನಿರ್ಧರಿಸುವುದರಿಂದ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ತಂದೆ ಮಣಿಪಾಲದಲ್ಲಿ ಐಸಿಯುನಲ್ಲಿದ್ದಾಗ ಮುಂಬೈಯ ಅಣ್ಣನಿಗೂ ಕುವೈತಿನ ತಮ್ಮನಿಗೂ ಫೋನ್ ಹೋಗುತ್ತದಲ್ಲ, ಬಿಲ್ಲು ಎಷ್ಟಾಯಿತು ಎಂಬ ವಿಷಯ ಮುಗಿದ ಮೇಲೆ ಇದನ್ನೂ ಹೇಳಿ: ನಾಳೆಯೇ ನೀನೂ ರಕ್ತ ಪರೀಕ್ಷೆ ಮಾಡಿಸು, ರಿಪೋರ್ಟ್ ನನಗೆ ಕಳಿಸು.